ಯಾರಿಗೂ ಹೇಳಿರಲಿಲ್ಲ

ಶಾಲೆಯ ಆಫೀಸಿಗೆ ಇರುವುದು ಒಂದೇ ಕಿಟಕಿ, ಒಂದು ಮುಖ ಮತ್ತು ಎರಡು ಕೈ ಹಿಡಿಸುವಷ್ಟು ಅಗಲ. ಇಪ್ಪತ್ತಾರು ವರ್ಷದಿಂದ ಅದರ ಹಿಂದೆ ಕೂತ ಗುಮಾಸ್ತೆಗೆ ಮಕ್ಕಳು ಕಿಟಕಿಯಮ್ಮ ಅಂತಲೇ ಹೆಸರಿಟ್ಟಿದ್ದರು. ಒಂದನೇ ಕ್ಲಾಸಿನವನೊಬ್ಬ ಒಮ್ಮೆ ಅವಳು ರಸ್ತೆ ದಾಟುವುದನ್ನು ಕಂಡು, ಕಿಟಕಿಯಮ್ಮನಿಗೆ ಕಾಲೂ ಇವೆ ಅಂತ ಮನೆಮಂದಿಗೆಲ್ಲ ಸಾರಿದ್ದನಂತೆ. ಆ ಮಾತು ಕಿವಿಗೆ ಬಿದ್ದಾಗ ಅವಳು ವಾರವಿಡೀ ನಕ್ಕಿದ್ದಳು. ಅದೆಲ್ಲ ನಗು ಇದ್ದ ಕಾಲ.

ಹಾಜರಿ ಪುಸ್ತಕ, ವರ್ಗಾವಣೆ ಪತ್ರ, ಶುಲ್ಕದ ರಸೀದಿ, ಇವೆಲ್ಲ ಅವಳ ಕೆಲಸವೇ. ಆದರೆ ಅವಳ ಆಸ್ತಿ ಅಂದರೆ ಐನೂರ ನಲವತ್ತು ಮಕ್ಕಳ ಮನೆಯ ಫೋನ್ ನಂಬರು. ಯಾರು ಮೊದಲ ರಿಂಗಿಗೇ ಎತ್ತುತ್ತಾರೆ, ಯಾವ ಮನೆಯಲ್ಲಿ ಅಪ್ಪನಿಗೆ ಮಾಡಿ ಪ್ರಯೋಜನವಿಲ್ಲ ಅಜ್ಜಿಗೇ ಮಾಡಬೇಕು, ಯಾರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿರುತ್ತಾರೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಎಲ್ಲರಿಗೂ ಒಟ್ಟಿಗೆ ಮೆಸೇಜ್ ಕಳಿಸುವ ಕಂಪ್ಯೂಟರು ಅವಳ ಮೇಜಿನ ಮೇಲೇ ಇತ್ತು. ಒಂದು ಗುಂಡಿ ಒತ್ತಿದರೆ ನಿಮಿಷದೊಳಗೆ ಐನೂರ ನಲವತ್ತು ಮನೆಗೆ ಸುದ್ದಿ.

ಆ ಗುಂಡಿಗೊಂದು ಕಾವಲಿತ್ತು. ಮೂರು ವರ್ಷದ ಹಿಂದೆ ಶಾಲೆಯ ಶೌಚಾಲಯದಲ್ಲಿ ಹಾವು ಕಂಡಿತು ಅಂತ ಮೆಸೇಜ್ ಹೋದಾಗ, ಮುನ್ನೂರು ಜನ ಗೇಟಿಗೆ ಮುತ್ತಿಕೊಂಡು, ನೂಕುನುಗ್ಗಲಲ್ಲಿ ಯಾರದೋ ತಾತ ಬಿದ್ದು ಸೊಂಟ ಮುರಿದುಕೊಂಡಿದ್ದರು. ಹಾವು ಮಾತ್ರ ಯಾವಾಗಲೋ ಚರಂಡಿ ಸೇರಿತ್ತು. ಅಲ್ಲಿಂದಾಚೆಗೆ ಆಡಳಿತ ಮಂಡಳಿ ಒಂದು ಕಟ್ಟಳೆ ಮಾಡಿತು. ಹೆಡ್ಮಾಸ್ಟರ ಹಸಿರು ಇಂಕಿನ ಸಹಿ ಇಲ್ಲದೆ ಒಂದಕ್ಷರವೂ ಹೊರಗೆ ಹೋಗಕೂಡದು. ಸಹಿ ಬಿದ್ದದ್ದು ಹೋಗದೆ ಉಳಿಯಕೂಡದು.

ಹೆಡ್ಮಾಸ್ಟರು ಮೂಲತಃ ಭಾಷೆ ಕಲಿಸುವ ಮೇಷ್ಟರು. ತಿದ್ದುವುದು ಅಂದರೆ ಅವರಿಗೆ ಊಟ ಬಿಟ್ಟು ಮಾಡುವಷ್ಟು ಇಷ್ಟ. 'ನಾಳೆ ರಜೆ' ಅಂತ ಎರಡು ಪದ ಬರೆದುಕೊಟ್ಟರೂ ಎರಡು ಸಲ ತಿದ್ದಿ ವಾಪಸ್ಸು ಕಳಿಸುವರು. ರಜೆಯ ಸುದ್ದಿ ಮನೆ ಮುಟ್ಟುವ ಹೊತ್ತಿಗೆ ಮಕ್ಕಳು ಸಮವಸ್ತ್ರ ತೊಟ್ಟು ಗೇಟಿನ ಮುಂದೆ ನಿಂತಿದ್ದದ್ದೂ ಉಂಟು. ಜನ ನಕ್ಕು ಸುಮ್ಮನಾಗುತ್ತಿದ್ದರು. ಒಳ್ಳೆಯ ಮನುಷ್ಯ, ಸ್ವಲ್ಪ ನಿಧಾನ, ಅಷ್ಟೇ ಅಂತ ಎಲ್ಲರ ಲೆಕ್ಕ.

ಗೇಟಿನಿಂದ ನಾಲ್ಕನೇ ಅಂಗಡಿ ಟೈಲರಮ್ಮನದು. ಶಾಲೆಯ ಸಮವಸ್ತ್ರ ಹೊಲಿಯುವವಳು ಅವಳೇ. ಗಂಡ ಬಿಟ್ಟುಹೋಗಿ ಏಳು ವರ್ಷವಾಗಿತ್ತು. ಒಬ್ಬಳೇ ಮಗಳು, ನಾಲ್ಕನೇ ಕ್ಲಾಸು, ನೋಡಲು ಹಿಡಿಯಷ್ಟು, ಬಾಯಿ ಬಿಟ್ಟರೆ ಖಾರ. ಅದಕ್ಕೇ ಇಡೀ ಶಾಲೆ ಅವಳನ್ನು ಮೆಣಸು ಅಂತ ಕರೆಯುತ್ತಿತ್ತು. ಮೆಣಸಿಗೆ ಹುಟ್ಟಿನಿಂದ ಉಬ್ಬಸ. ಧೂಳು ತಾಗಿದರೆ ಸಾಕು, ಎದೆ ಕೊಳಲಿನಂತೆ ಸೀಟಿ ಹೊಡೆಯುತ್ತಿತ್ತು. ಬಾಯಿಗೆ ಹಿಡಿದು ಒತ್ತುವ ಪಂಪು ಒಂದು ಅವಳ ಶಾಲೆಯ ಚೀಲದಲ್ಲಿ, ಇನ್ನೊಂದು ಅಮ್ಮನ ಹೊಲಿಗೆ ಮೆಷಿನ್ನಿನ ಡ್ರಾದಲ್ಲಿ ಯಾವಾಗಲೂ ಇರುತ್ತಿತ್ತು. ಅಂಗಡಿಯಿಂದ ಶಾಲೆಗೆ ಓಡಿದರೆ ಎರಡು ನಿಮಿಷದ ದಾರಿ. ಟೈಲರಮ್ಮ ಕಿಟಕಿಯಮ್ಮನನ್ನು ಬಾಯ್ತುಂಬ ಅಕ್ಕ ಅನ್ನುತ್ತಿದ್ದಳು. ಮಗಳನ್ನು ಶಾಲೆಗೆ ಸೇರಿಸಿದ ದಿನವೇ ಕಿಟಕಿಯಲ್ಲಿ ಕೈ ತೂರಿಸಿ, ಇವಳನ್ನ ನಿಮ್ಮ ಮಡಿಲಿಗೆ ಹಾಕಿದೀನಿ ಅಕ್ಕ ಅಂದಿದ್ದಳು.

ಆ ದಿನ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ ಆಫೀಸಿನ ಫೋನು ಬಡಿದುಕೊಂಡಿತು. ಗಂಡಸಿನ ದನಿ. ಅವಸರವಿಲ್ಲ, ಕೋಪವಿಲ್ಲ, ಗ್ಯಾಸ್ ಸಿಲಿಂಡರ್ ಬುಕ್ ಮಾಡುವವನ ಹಾಗೆ ಮಾತಾಡಿದ. ಶಾಲೆಯೊಳಗೆ ಒಂದು ವಸ್ತು ಇಟ್ಟಿದ್ದೇವೆ, ಹನ್ನೆರಡಕ್ಕೆ ಸಿಡಿಯುತ್ತದೆ ಅಂದು ಫೋನ್ ಇಟ್ಟ. ಹೆಡ್ಮಾಸ್ಟರ ಕೋಣೆಗೆ ಹೋಗುವ ಹನ್ನೆರಡು ಹೆಜ್ಜೆಯಲ್ಲಿ ಕಿಟಕಿಯಮ್ಮ ಎರಡು ಸಲ ಗೋಡೆ ಹಿಡಿದುಕೊಂಡಳು.

ಹೆಡ್ಮಾಸ್ಟರು ಗಾಬರಿಯಾಗಲಿಲ್ಲ. ಅದನ್ನು ಮೆಚ್ಚಲೇಬೇಕು. ಪೊಲೀಸರಿಗೆ ಫೋನ್ ಮಾಡಿದರು, ಗಂಟೆ ಹೊಡೆಸಿದರು, ಕವಾಯತು ಅಭ್ಯಾಸ ಅಂತ ಹೇಳಿ ಮಕ್ಕಳನ್ನೆಲ್ಲ ಸಾಲಾಗಿ ಹಿಂದಿನ ಮೈದಾನಕ್ಕೆ ಸಾಗಿಸಿದರು. ಚೀಲಗಳು ಕ್ಲಾಸಿನಲ್ಲೇ ಉಳಿದವು. ಆಮೇಲೆ ಕಿಟಕಿಯಮ್ಮನ ಕಡೆ ತಿರುಗಿ, ಪೋಷಕರಿಗೆ ಒಂದು ಮೆಸೇಜ್ ಬರೆಯಿರಿ ಅಂದರು. ಅವಳು ನಿಂತಲ್ಲೇ ಬರೆದಳು: 'ಶಾಲೆಗೆ ಬೆದರಿಕೆ ಕರೆ ಬಂದಿದೆ. ಮಕ್ಕಳು ಮೈದಾನದಲ್ಲಿದ್ದಾರೆ. ಬಂದು ಕರೆದುಕೊಂಡು ಹೋಗಿ.' ಹತ್ತೂ ನಲವತ್ತಕ್ಕೆ ಆ ಚೀಟಿ ಹೆಡ್ಮಾಸ್ಟರ ಮೇಜಿನ ಮೇಲಿತ್ತು.

ಅವರು ಕನ್ನಡಕ ಏರಿಸಿ ಓದಿದರು. 'ಬೆದರಿಕೆ' ಅಂದರೆ ಜನ ಬೆದರುತ್ತಾರಮ್ಮ ಅಂದರು. 'ಬಂದು ಕರೆದುಕೊಂಡು ಹೋಗಿ' ಅಂದರೆ ಹಾವಿನ ದಿನದ ಕಥೆಯೇ ಮತ್ತೆ. ಹಸಿರು ಪೆನ್ನಿನಿಂದ ಎರಡಕ್ಕೂ ಅಡ್ಡಗೆರೆ ಬಿತ್ತು. ಬೇರೆ ಬರೆಯಿರಿ, ಸೌಮ್ಯವಾಗಿರಲಿ.

ಚೀಟಿ ಹಿಡಿದು ಹೊರಗೆ ಬಂದ ಕಿಟಕಿಯಮ್ಮ ತನ್ನ ಕುರ್ಚಿಗೆ ಹೋಗಲಿಲ್ಲ. ಹಳೆಯ ದಾಖಲೆಗಳ ಕೋಣೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ತನ್ನ ಸ್ವಂತ ಫೋನಿನಿಂದ ಮಗಳಿಗೆ ಫೋನ್ ಮಾಡಿದಳು. ಅವಳ ಮೊಮ್ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ಮಗಳ ಮನೆ ಎರಡು ಬೀದಿ ಆಚೆ. ಶಾಲೆಗೆ ಬಾಂಬ್ ಬೆದರಿಕೆ ಬಂದಿದೆ, ಬೇಗ ಬಾ, ಯಾರಿಗೂ ಏನೂ ಹೇಳ್ಬೇಡ, ಹಲ್ಲು ನೋವು ಅಂತ ಹೇಳಿ ಮಗೂನ ಕರ್ಕೊಂಡು ಹೋಗು ಅಂದಳು. ಮಗಳು ಹನ್ನೊಂದಕ್ಕೆ ಏದುಸಿರು ಬಿಡುತ್ತ ಬಂದಳು. ಬೇಗ ಬಿಡುವ ಚೀಟಿಯನ್ನು ಕಿಟಕಿಯಮ್ಮ ತಾನೇ ಬರೆದಳು, ಕಾರಣದ ಜಾಗದಲ್ಲಿ ಹಲ್ಲು ನೋವು ಅಂತ ತಾನೇ ತುಂಬಿದಳು, ಜವಾನನನ್ನು ಕಳಿಸಿ ಮೊಮ್ಮಗಳನ್ನು ಮೈದಾನದಿಂದ ಕರೆಸಿದಳು. ದೊಡ್ಡ ಗೇಟಿನ ಪಕ್ಕದ ಚಿಕ್ಕ ಬಾಗಿಲಿನಿಂದ ಮಗಳು ಮೊಮ್ಮಗಳು ಇಬ್ಬರೂ ಹೊರಗೆ ಹೋದರು. ಹತ್ತು ನಿಮಿಷಕ್ಕೆ ಪೊಲೀಸರು ಹಿಂದಿನ ದಾರಿಯಿಂದ ಸದ್ದಿಲ್ಲದೆ ಬಂದು ಎರಡೂ ಬಾಗಿಲಿಗೆ ಬೀಗ ಹಾಕಿಸಿದರು.

ತಪ್ಪಾ ಅದು? ಹೆತ್ತವರಿಗೆ ಹೆಗ್ಗಣವೂ ಮುದ್ದು ಅನ್ನುತ್ತಾರೆ. ಇನ್ನು ಮೊಮ್ಮಗಳೆಂದರೆ ಕೇಳಬೇಕೆ. ಯಾವ ಅಜ್ಜಿ ಮಾಡುವುದಿಲ್ಲ ಹೇಳಿ. ಅದೊಂದೇ ಆಗಿದ್ದರೆ ಯಾರೂ ಅವಳ ಮುಖಕ್ಕೆ ಮಸಿ ಬಳಿಯುವಂತಿರಲಿಲ್ಲ.

ಎರಡನೇ ಕರಡಿನಲ್ಲಿ ಬೆದರಿಕೆ ಹೋಗಿ 'ತೊಂದರೆ' ಬಂತು. ಮೂರನೆಯದರಲ್ಲಿ ತೊಂದರೆ ಹೋಗಿ 'ತಾಂತ್ರಿಕ ಕಾರಣ' ಬಂತು. ಯಾವ ತಂತ್ರ, ಯಾವ ಕಾರಣ ಅಂತ ಕೇಳುವವರಿಲ್ಲ. ಪ್ರತಿ ಸಲವೂ ಅವಳು ಬರೆದು ಒಯ್ಯುವುದು, ಅವರು ಪೊಲೀಸರ ಹತ್ತಿರ ಮಾತು ಮುಗಿಸಿ ಬಂದು ಕನ್ನಡಕ ಏರಿಸುವುದು, ಒಂದು ಅಲ್ಪವಿರಾಮ ಅಳಿಸಿ ಒಂದು ಪದ ಸೇರಿಸುವುದು. ನಾಲ್ಕನೆಯದರಲ್ಲಿ ವಾಕ್ಯ ಉದ್ದವಾಯಿತು ಅಂದರು. ಹನ್ನೆರಡು ಹೊಡೆಯಿತು. ಏನೂ ಸಿಡಿಯಲಿಲ್ಲ. ಪೊಲೀಸರು ಮಾತ್ರ ಕೋಣೆ ಕೋಣೆ ಜಾಲಾಡುತ್ತಲೇ ಇದ್ದರು, ಒಳಗೆ ಒಬ್ಬರನ್ನೂ ಬಿಡಲೊಲ್ಲರು.

ಹನ್ನೆರಡೂ ಹತ್ತಕ್ಕೆ ಜವಾನ ಮೈದಾನದಿಂದ ಓಡಿಬಂದ. ನಾಲ್ಕನೇ ಕ್ಲಾಸಿನ ಟೀಚರ್ ಹೇಳಿಕಳಿಸಿದ್ದರು: ಮೆಣಸಿಗೆ ಧೂಳಿಗೆ ಉಬ್ಬಸ ಎದ್ದಿದೆ, ಪಂಪು ಚೀಲದಲ್ಲಿದೆ, ಚೀಲ ಕ್ಲಾಸಿನಲ್ಲಿದೆ, ತಕ್ಷಣ ಅವರಮ್ಮನಿಗೆ ಫೋನ್ ಮಾಡಿ. ಟೀಚರು ತಾವೇ ಮಾಡುವಂತಿರಲಿಲ್ಲ. ಆ ಶಾಲೆಯಲ್ಲಿ ಮೇಷ್ಟರು ಟೀಚರುಗಳ ಫೋನೆಲ್ಲ ಬೆಳಗ್ಗೆಯೇ ಆಫೀಸಿನ ಬೀರುವಿಗೆ ಬೀಳುತ್ತಿದ್ದವು, ಬೀಗದ ಕೈ ಕಿಟಕಿಯಮ್ಮನ ಸೊಂಟದಲ್ಲಿ.

ಅವಳು ಫೋನ್ ಕೈಗೆತ್ತಿಕೊಂಡಳು. ಟೈಲರಮ್ಮನ ನಂಬರು ಬಾಯಿಪಾಠ. ಆರು ಅಂಕಿ ಒತ್ತಿಯೂ ಆಗಿತ್ತು. ಹೆಡ್ಮಾಸ್ಟರು ಬಾಗಿಲಲ್ಲಿ ನಿಂತು, ಯಾರಿಗಮ್ಮ ಅಂದರು. ಹೇಳಿದಳು. ಬೇಡ, ಒಬ್ಬ ತಾಯಿ ಓಡಿಬಂದರೆ ಅವಳ ಹಿಂದೆ ಐನೂರು ತಾಯಂದಿರು ಬರುತ್ತಾರೆ, ಇನ್ನೇನು ಹತ್ತು ನಿಮಿಷದಲ್ಲಿ ಹುಡುಕಾಟ ಮುಗಿಯುತ್ತದೆ, ಚೀಲ ಕೊಡಿಸುತ್ತೇನೆ ಅಂದು ಅವರು ಹೋದರು.

ಅವರು ಹೋದರು. ಇದನ್ನು ನೆನಪಿಡಬೇಕು. ಅವರು ಹೋದ ಮೇಲೆ ಆಫೀಸಿನಲ್ಲಿ ಅವಳೊಬ್ಬಳೇ ಇದ್ದಳು, ಫೋನು ಅವಳ ಕೈಯಲ್ಲೇ ಇತ್ತು, ಇನ್ನು ನಾಲ್ಕು ಅಂಕಿ ಬಾಕಿ. ಮಗಳಿಗೆ ಕದ್ದು ಮಾಡಿದವಳಿಗೆ ಇದನ್ನೂ ಕದ್ದು ಮಾಡುವುದು ಕಷ್ಟವಿರಲಿಲ್ಲ. ಆದರೆ ಅವಳ ತಲೆ ಬೇರೆಯೇ ದಾರಿ ಹಿಡಿಯಿತು. ಮಗಳು ಬಾಯಿ ಮುಚ್ಚಿಕೊಂಡು ಬಂದು ಹೋದಳು. ಟೈಲರಮ್ಮ ಹಾಗಲ್ಲ, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಓಡಿಬರುತ್ತಾಳೆ. ಅಂಗಡಿಯವರೆಲ್ಲ ಬೀಗ ಹಾಕಿದ ಗೇಟಿನ ಮುಂದೆ ಸೇರುತ್ತಾರೆ. ಯಾರು ಹೇಳಿದ್ದು ಅಂತ ಹೆಡ್ಮಾಸ್ಟರು ಕೇಳುತ್ತಾರೆ. ಆಗ ಹಲ್ಲು ನೋವಿನ ಚೀಟಿ ಹೊರಗೆ ಬರುತ್ತದೆ. ಮೊಮ್ಮಗಳನ್ನು ಉಳಿಸಿಕೊಂಡಿದ್ದಕ್ಕೇ ಅವಳು ಮೆಣಸಿನ ತಾಯಿಗೆ ಫೋನ್ ಮಾಡದಾದಳು. ಹತ್ತು ನಿಮಿಷ ತಾನೇ, ಅಂದುಕೊಂಡು ಫೋನ್ ಇಟ್ಟಳು.

ಎರಡನೇ ಸಲ ಜವಾನ ಬಂದಾಗ ತುಟಿ ನೀಲಿಯಾಗಿದೆ ಅಂದ. ಹೆಡ್ಮಾಸ್ಟರು ಆಗ ಓಡಿದರು, ಪೊಲೀಸರ ಕಾಲು ಹಿಡಿದರು ಅಂತಲೂ ಹೇಳುತ್ತಾರೆ. ಒಬ್ಬ ಪೇದೆ ಕ್ಲಾಸಿಗೆ ಹೋಗಿ ನೋಡಿದರೆ ನಲವತ್ತೆರಡು ಚೀಲ, ನಲವತ್ತೆರಡೂ ಒಂದೇ ನೀಲಿ, ಒಂದೇ ಅಳತೆ. ಶಾಲೆಯೇ ಕೊಡಿಸಿದ ಚೀಲಗಳು. ಅವನು ತಂದ ಮೊದಲ ಚೀಲದಲ್ಲಿ ಪಂಪಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಆಮೇಲೆ ಚೀಲ ಬಿಟ್ಟು ಮಗುವನ್ನೇ ಜೀಪಿಗೆ ಎತ್ತಿ ಹಾಕಿಕೊಂಡು ಹಿಂದಿನ ದಾರಿಯಿಂದ ಆಸ್ಪತ್ರೆಗೆ ಹೊರಟರು. ಆಗ ಗಂಟೆ ಒಂದೂ ಹತ್ತು.

ಆ ಗದ್ದಲದ ನಡುವೆ ಐದನೇ ಕರಡಿಗೆ ಸಹಿ ಬಿದ್ದಿತ್ತು. ಹೆಡ್ಮಾಸ್ಟರು ಯಾವಾಗ ಹಾಕಿದರೋ, ಬಹುಶಃ ಎರಡನೇ ಸುದ್ದಿ ಬರುವ ಮೊದಲೇ. ಮೇಜಿನ ಮೇಲೆ ಹಸಿರು ಸಹಿ ಕಂಡ ಕಿಟಕಿಯಮ್ಮನ ಕೈ ತಾನಾಗಿ ಕೆಲಸ ಮಾಡಿತು. ಸಹಿ ಬಿದ್ದದ್ದು ಹೋಗಬೇಕು. ಕೂತು ಅಕ್ಷರ ಅಕ್ಷರ ಟೈಪು ಮಾಡಿ ಗುಂಡಿ ಒತ್ತಿದಳು. 'ಶಾಲೆಯಲ್ಲಿ ಈ ದಿನ ಸುರಕ್ಷತಾ ಅಭ್ಯಾಸ ಯಶಸ್ವಿಯಾಗಿ ನಡೆಯಿತು. ಎಲ್ಲ ಮಕ್ಕಳೂ ಕ್ಷೇಮ.' ಒಂದೂ ಐವತ್ತಕ್ಕೆ ಅದು ಐನೂರ ನಲವತ್ತು ಮನೆಗೆ ಹೋಯಿತು, ಟೈಲರಮ್ಮನ ಫೋನಿಗೂ ಹೋಯಿತು. ಟೈಲರಮ್ಮ ಓದಿ, ಪಕ್ಕದ ಅಂಗಡಿಯವಳಿಗೂ ಓದಿ ಹೇಳಿ, ಮತ್ತೆ ಕಾಜ ಹಾಕಲು ಕೂತಳು. ಎರಡೂ ಹತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ಮಗು ದಾರಿಯಲ್ಲೇ ಹೋಗಿಬಿಟ್ಟಿತ್ತು.

ಬಾಂಬು ಸಿಗಲಿಲ್ಲ. ಇರಲೇ ಇಲ್ಲ. ಫೋನ್ ಮಾಡಿದವನೂ ಸಿಗಲಿಲ್ಲ.

ಮುಂದಿನ ಮೂರು ತಿಂಗಳು ಟೈಲರಮ್ಮ ಅಳುವುದನ್ನು ಯಾರೂ ಕಾಣಲಿಲ್ಲ. ಮೆಷಿನ್ನಿನ ಸದ್ದು ಮಾತ್ರ ನಿಲ್ಲಲಿಲ್ಲ. ಹೊಲಿದ ಬಟ್ಟೆ ತಲುಪಿಸಲು ಹೋದ ಮನೆಯಲ್ಲೆಲ್ಲ ಅವಳು ಒಂದು ಕಾಗದ ಬಿಡಿಸಿ ಇಟ್ಟು ಸಹಿ ಕೇಳಿದಳು. ಅದರಲ್ಲಿ ಬರೆದದ್ದು ಇಷ್ಟೇ: ಶಾಲೆಗೆ ಅಪಾಯವಾಗಲಿ ಬೆದರಿಕೆಯಾಗಲಿ ಬಂದರೆ, ತಿಳಿದ ಅರ್ಧ ಗಂಟೆಯೊಳಗೆ ಪ್ರತಿ ಮಗುವಿನ ಮನೆಗೆ ನಿಜ ಸುದ್ದಿ ಮುಟ್ಟಿಸಲೇಬೇಕು ಅಂತ ಎಲ್ಲ ಶಾಲೆಗಳಿಗೂ ನಿಯಮ ಮಾಡಬೇಕು. ನಾನೂರ ಹನ್ನೊಂದು ಸಹಿ ಬಿದ್ದವು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ ಅಂತ ಒಬ್ಬ ಅಂದನಂತೆ. ನನ್ನ ಮನೆ ಉರಿದುಹೋಯ್ತು ಅಣ್ಣ, ಬಾವಿ ನಿಮ್ಮ ಮನೆಗೆ ಅಂತ ಟೈಲರಮ್ಮ ಹೇಳಿದಳಂತೆ. ಅವನೂ ಸಹಿ ಹಾಕಿದ.

ಶಿಕ್ಷಣ ಇಲಾಖೆಯಿಂದ ವಿಚಾರಣೆಗೆ ಒಬ್ಬ ಅಧಿಕಾರಿಣಿ ಬರುತ್ತಾರೆಂದು ಗೊತ್ತಾಯಿತು. ಅವರು ತೀರ್ಮಾನಿಸಬೇಕಾದದ್ದು ಒಂದೇ ವಿಷಯ. ಆ ದಿನ ಪೋಷಕರಿಗೆ ತಿಳಿಸಲು ಶಾಲೆಗೆ ಸಾಧ್ಯವಿತ್ತೇ, ಇಲ್ಲವೇ? ಸಾಧ್ಯವಿದ್ದೂ ತಿಳಿಸಲಿಲ್ಲ ಅಂತಾದರೆ ನಿಯಮಕ್ಕೆ ಶಿಫಾರಸು. ಸಾಧ್ಯವೇ ಇರಲಿಲ್ಲ ಅಂತಾದರೆ ನಿಯಮ ಮಾಡಿ ಏನು ಉಪಯೋಗ. ಪೊಲೀಸರು ಫೋನ್ ಹಿಡಿದುಕೊಂಡಿದ್ದರು, ಒಂದು ನಿಮಿಷವೂ ಪುರಸೊತ್ತಿರಲಿಲ್ಲ ಅಂತ ಹೆಡ್ಮಾಸ್ಟರು ಬರೆದುಕೊಟ್ಟಾಗಿತ್ತು. ಸುಳ್ಳು ಅಂತ ಹೇಳಬಲ್ಲವಳು ಕಿಟಕಿಯಮ್ಮ ಒಬ್ಬಳೇ. ಪುರಸೊತ್ತಿತ್ತು, ಫೋನಿತ್ತು, ನನ್ನ ಮಗಳಿಗೆ ನಾನು ಹೇಳಿದೆ, ಅವಳು ಬಂದಳು, ನನ್ನ ಮೊಮ್ಮಗಳು ಉಳಿದಳು. ಇಷ್ಟು ಅಂದರೆ ಸಾಕು, ಟೈಲರಮ್ಮನ ನಿಯಮ ಜಾರಿಗೆ ಬಂದುಬಿಡುತ್ತಿತ್ತು.

ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಪಾಡು ಅವಳದು. ನುಂಗಲಾರಳು, ಉಗುಳಲಾರಳು. ಅನ್ನ ಸೇರಲಿಲ್ಲ. ಮೊಮ್ಮಗಳು ತೊಡೆಯೇರಿ ಕೂತರೆ ಆ ಭಾರವೇ ಎದೆಯ ಮೇಲೆ ಕೂತ ಹಾಗಾಗುತ್ತಿತ್ತು. ಹೇಳಿಬಿಡುತ್ತೇನೆ ಅಂತ ತೀರ್ಮಾನಿಸಿದಳು. ಕೆಲಸ ಹೋದರೆ ಹೋಗಲಿ, ಇನ್ನೆರಡು ವರ್ಷಕ್ಕೆ ಹೇಗೂ ಎದ್ದು ಬರುವವಳು. ವಿಚಾರಣೆಯ ಹಿಂದಿನ ದಿನ ಸಂಜೆ ಮಗಳ ಮನೆಗೆ ಹೋಗಿ ಅಡುಗೆಮನೆಯಲ್ಲಿ ನಿಂತು ಅದನ್ನೇ ಹೇಳಿದಳು.

ಮಗಳು ತೊಳೆಯುತ್ತಿದ್ದ ಗಾಜಿನ ಬಟ್ಟಲು ಕೈಬಿಟ್ಟಳು. "ಅಮ್ಮಾ, ನೀನು ಹೇಳಿದ್ರೆ ಆ ಮಗು ಎದ್ದು ಬರುತ್ತಾ?" ಅಂದಳು.

"ಬರಲ್ಲ. ನಾಳೆ ಇನ್ನೊಂದು ಮಗು ಹೋಗ್ಬಾರ್ದಲ್ಲ."

ಮಗಳು ನಲ್ಲಿ ನಿಲ್ಲಿಸಿದಳು. ಆಮೇಲೆ ಅಮ್ಮನ ಕಡೆ ತಿರುಗದೆಯೇ ಮಾತಾಡಿದಳು. ಆವತ್ತು ಮಗುವಿನ ಕೈ ಹಿಡಿದು ಹೋಗುವಾಗ ಟೈಲರಮ್ಮ ಅಂಗಡಿ ಬಾಗಿಲಲ್ಲೇ ನಿಂತಿದ್ದಳಂತೆ. ಯಾಕೆ ಇಷ್ಟು ಬೇಗ ಅಂತ ಕೇಳಿದಳಂತೆ. ಹಲ್ಲು ನೋವು ಅಂದದ್ದಕ್ಕೆ, ಅಯ್ಯೋ ಪಾಪ ಅಂತ ಮಗುವಿನ ಕೆನ್ನೆ ಸವರಿದಳಂತೆ.

"ನಾನು ಅವಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳ್ದೆ ಅಮ್ಮ. ಅವಳ ಮಗಳು ಒಳಗೇ ಇದ್ದಾಳೆ ಅಂತ ಗೊತ್ತಿತ್ತು. ಒಂದು ಮಾತು ಅಂದಿದ್ರೆ ಸಾಕಿತ್ತು. ನೀನು ಏನೂ ಹೇಳ್ಬೇಡ ಅಂದಿದ್ದೆ, ಹೇಳ್ಲಿಲ್ಲ." ಮಗಳ ದನಿ ಒಡೆಯಿತು. "ನಾಳೆ ನೀನು ಹೇಳಿದ್ರೆ ಜನ ನಿನ್ನನ್ನ ಬೈದು ಬಿಟ್ಬಿಡ್ತಾರೆ. ನನ್ನನ್ನ ಬಿಡಲ್ಲ. ನನ್ನ ಮಗಳನ್ನ ಬಿಡಲ್ಲ. ಬದುಕಿದ್ದಕ್ಕೇ ಅವಳನ್ನ ಬೆರಳು ಮಾಡಿ ತೋರಿಸ್ತಾರೆ."

ಕಿಟಕಿಯಮ್ಮ ಚೂರಾದ ಬಟ್ಟಲನ್ನು ಗುಡಿಸಿ ಎತ್ತಿ ಮನೆಗೆ ಬಂದಳು. ಆದರೂ ಹೇಳುವುದೇ ಅಂದುಕೊಂಡೇ ಬಂದಳು. ಅದರಲ್ಲಿ ಅನುಮಾನ ಬೇಡ.

ವಿಚಾರಣೆ ನಡೆದದ್ದು ಶಿಕ್ಷಣ ಇಲಾಖೆಯ ಮಹಡಿಯ ಕೋಣೆಯಲ್ಲಿ. ಮೂರು ಕಬ್ಬಿಣದ ಬೀರು, ಉದ್ದನೆಯ ಮೇಜು, ತಿರುಗಿದಾಗಲೆಲ್ಲ ಕಿರ್ರೆನ್ನುವ ಫ್ಯಾನು. ಅಧಿಕಾರಿಣಿ ತಾಳ್ಮೆಯ ಹೆಂಗಸು, ಪ್ರತಿ ಮಾತನ್ನೂ ತಾವೇ ಬರೆದುಕೊಳ್ಳುತ್ತಿದ್ದರು. ಒಂದು ಬದಿಗೆ ಹೆಡ್ಮಾಸ್ಟರು. ನಾಲ್ಕು ತಿಂಗಳಲ್ಲಿ ಹತ್ತು ವರ್ಷ ಮುದುಕರಾಗಿದ್ದರು. ಇನ್ನೊಂದು ಬದಿಗೆ ಟೈಲರಮ್ಮ, ತೊಡೆಯ ಮೇಲೆ ಸಹಿ ಕಾಗದದ ಕಟ್ಟು. ಹೆಡ್ಮಾಸ್ಟರು ಎದ್ದು ನಿಂತು, ತಡವರಿಸುತ್ತ, ಎಲ್ಲ ಮಕ್ಕಳೂ ನಮಗೆ ಒಂದೇ, ಒಬ್ಬರಿಗೆ ಹೇಳಿ ಒಬ್ಬರಿಗೆ ಬಿಡುವುದು ನಮ್ಮಿಂದ ಸಾಧ್ಯವಿಲ್ಲ, ಅದಕ್ಕೇ ಯಾರಿಗೂ ಹೇಳಲಾಗಲಿಲ್ಲ ಅಂದರು. ಪಾಪ, ಅವರು ಅದನ್ನು ನಂಬಿಯೇ ಹೇಳಿದರು. ಹಲ್ಲು ನೋವಿನ ಚೀಟಿ ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ.

ಟೈಲರಮ್ಮ ಎದ್ದು, ಒಂದೇ ಒಂದು ಪ್ರಶ್ನೆ ಕೇಳಬೇಕು, ಅದನ್ನು ಆಫೀಸಿನ ಅಕ್ಕನಿಗೆ ಕೇಳಿ ಅಂದಳು. ಅಧಿಕಾರಿಣಿ ಕಿಟಕಿಯಮ್ಮನನ್ನು ಕರೆದು ಕೂರಿಸಿದರು.

"ನೋಡಿಮ್ಮ, ನೆನಪು ಮಾಡ್ಕೊಂಡು ನಿಜ ಹೇಳಿ. ಹತ್ತೂ ಇಪ್ಪತ್ತರಿಂದ ಒಂದೂ ಐವತ್ತರ ತನಕ ಯಾವುದಾದ್ರೂ ಮಗುವಿನ ಮನೆಯವರಿಗೆ, ಒಬ್ಬರಿಗಾದ್ರೂ, ಶಾಲೆಯಿಂದ ವಿಷಯ ತಿಳಿಸಿದ್ರಾ?"

ಮಾತು ಗಂಟಲಿನ ತನಕ ಬಂದಿತ್ತು. ಬಾಯಿಯೂ ತೆರೆದಿತ್ತು. ಆಗ ಅವಳು ಟೈಲರಮ್ಮನ ಮುಖ ನೋಡಿದಳು. ಅದೇ ತಪ್ಪಾಯಿತು. ಅಂಗಡಿಯ ಬಾಗಿಲಲ್ಲಿ ನಿಂತು ಮೊಮ್ಮಗಳ ಕೆನ್ನೆ ಸವರಿದವಳು ಈ ಮಾತು ಕೇಳಿಸಿಕೊಳ್ಳುವಾಗ ಆ ಮುಖ ಏನಾಗುತ್ತದೆ ಅನ್ನುವುದು ಅವಳಿಗೆ ಕಾಣಿಸಿತು. ಬೀದಿಯಲ್ಲಿ ಜನರಿಂದ ಬೆರಳು ತೋರಿಸಿಕೊಂಡು ನಡೆಯುವ ಎರಡನೇ ಕ್ಲಾಸಿನ ಹುಡುಗಿಯೂ ಕಾಣಿಸಿದಳು. ಇಷ್ಟು ದಿನ ಕಟ್ಟಿಕೊಂಡು ಬಂದ ಧೈರ್ಯ ನೀರಿಗೆ ಬಿದ್ದ ಉಪ್ಪಾಯಿತು.

"ಇಲ್ಲ ಮೇಡಂ," ಅಂದಳು. "ಯಾರಿಗೂ ಹೇಳಿರಲಿಲ್ಲ."

ಅಧಿಕಾರಿಣಿ ಬರೆದುಕೊಂಡರು. ಟೈಲರಮ್ಮ ನಿಧಾನವಾಗಿ ಕೂತಳು. ಮುಂದೆ ಯಾರು ಏನು ಮಾತಾಡಿದರೋ ಕಿಟಕಿಯಮ್ಮನಿಗೆ ಕೇಳಿಸಲಿಲ್ಲ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಹೆಡ್ಮಾಸ್ಟರು, ನೀವು ಇದ್ದದ್ದನ್ನು ಇದ್ದ ಹಾಗೆ ಹೇಳಿದಿರಿ, ದೊಡ್ಡ ಉಪಕಾರವಾಯಿತು ಅಂತ ಕೈ ಮುಗಿದರು. ಆ ಕೈಗಳನ್ನು ನೋಡಲಾಗದೆ ಅವಳು ಬೇಗ ಬೇಗ ಇಳಿದಳು.

ಒಂಬತ್ತು ದಿನಕ್ಕೆ ಆದೇಶ ಬಂತು. ಶಾಲೆಗೆ ಬಂದ ಪ್ರತಿಯನ್ನು ಕಡತಕ್ಕೆ ಸೇರಿಸುವುದೂ ಅವಳ ಕೆಲಸವೇ, ಹಾಗಾಗಿ ಮೊದಲು ಓದಿದವಳೂ ಅವಳೇ. ಆ ದಿನ ಯಾವ ಪೋಷಕರಿಗೂ ತಿಳಿಸುವ ಸಾಧ್ಯತೆ ಇರಲಿಲ್ಲವೆಂದು ಆಫೀಸಿನವರ ಹೇಳಿಕೆಯಿಂದ ಸ್ಪಷ್ಟವಾಗಿರುತ್ತದೆ. ಆದ್ದರಿಂದ ಕಾಲಮಿತಿಯ ನಿಯಮದ ಅಗತ್ಯ ಕಂಡುಬರುವುದಿಲ್ಲ. ಶಾಲೆಗಳು ಎಚ್ಚರಿಕೆಯಿಂದ ಇರತಕ್ಕದ್ದು. ಅರ್ಧ ಪುಟ. ನಾನೂರ ಹನ್ನೊಂದು ಸಹಿಗೆ ಅರ್ಧ ಪುಟ. ಅವಳು ಅದಕ್ಕೆ ತೂತು ಹೊಡೆದು ದಾರ ಪೋಣಿಸಿ ಬೀರುವಿನಲ್ಲಿಟ್ಟಳು. ಅವಳ ಎದೆಯಲ್ಲಿ ಆಗ ಇದ್ದದ್ದಕ್ಕೆ ದುಃಖ ಅನ್ನುವುದು ತೀರಾ ಸಣ್ಣ ಮಾತು. ತನ್ನನ್ನು ತಾನೇ ಹೊತ್ತುಕೊಂಡು ತಿರುಗಲು ಅವಳಿಗೆ ಅಸಹ್ಯವಾಗುತ್ತಿತ್ತು.

ಮಾರನೇ ದಿನ ಮಧ್ಯಾಹ್ನ, ಮಕ್ಕಳೆಲ್ಲ ಊಟದ ಬಿಡುವಿನಲ್ಲಿ ಗಲಾಟೆ ಮಾಡುತ್ತಿದ್ದಾಗ, ಕಿಟಕಿಯಲ್ಲಿ ಟೈಲರಮ್ಮನ ಮುಖ ಕಾಣಿಸಿತು. ಗೊತ್ತಾಗಿಬಿಟ್ಟಿದೆ ಅಂದುಕೊಂಡಳು ಕಿಟಕಿಯಮ್ಮ. ಗೊತ್ತಾದರೆ ಒಳ್ಳೆಯದೇ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ ಅಂತಲೂ ಅಂದುಕೊಂಡಳು. ಒಂದು ನಿಮಿಷ ಹೊರಗೆ ಬರ್ತೀರಾ ಅಕ್ಕ ಅಂತ ಟೈಲರಮ್ಮ ಕೇಳಿದಾಗ, ಬೀಗದ ಕೈಯನ್ನು ಮೇಜಿನ ಮೇಲೇ ಬಿಟ್ಟು ಎದ್ದು ಬಂದಳು.

ಇಬ್ಬರೂ ಪಡಸಾಲೆಯ ಬೆಂಚಿನ ಮೇಲೆ ಕೂತರು. ಟೈಲರಮ್ಮ ಸೊರಗಿ ಕಡ್ಡಿಯಾಗಿದ್ದಳು. ಆದೇಶದ ಸುದ್ದಿ ಅವಳಿಗೂ ಮುಟ್ಟಿತ್ತು. ಅದರ ಬಗ್ಗೆ ಹೆಚ್ಚು ಮಾತಾಡಲಿಲ್ಲ, ಹೋಗಲಿ ಬಿಡಿ, ನನ್ನ ಕೈಲಾದದ್ದು ಮಾಡಿದೆ ಅಂದಳು.

"ನಾನು ಬೇರೆ ವಿಷಯಕ್ಕೆ ಬಂದೆ ಅಕ್ಕ. ಹೇಳೋಕೆ ನಾಚಿಕೆ ಆಗುತ್ತೆ. ಆವತ್ತು ಹನ್ನೊಂದು ಗಂಟೆಗೆ ನಿಮ್ಮ ಮಗಳು ಮಗೂನ ಕರ್ಕೊಂಡು ನನ್ನ ಅಂಗಡಿ ಮುಂದೆ ಹೋದ್ರು. ಹಲ್ಲು ನೋವು ಅಂದ್ರು. ಆಗ ಏನೂ ಅನ್ನಿಸ್ಲಿಲ್ಲ. ಆಮೇಲೆ ಆ ಹುಳ ತಲೆ ಹೊಕ್ಕಿತು ನೋಡಿ. ಅಕ್ಕನಿಗೆ ಗೊತ್ತಿತ್ತು, ತನ್ನ ಮೊಮ್ಮಗಳನ್ನ ಮಾತ್ರ ಕರೆಸ್ಕೊಂಡ್ರು, ನನ್ನ ಮಗೂನ ಬಿಟ್ಬಿಟ್ರು ಅಂತ."

ಟೈಲರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾಲ್ಕು ತಿಂಗಳು ಅಕ್ಕ. ನಿಮ್ಮನ್ನ ಶಪಿಸದ ದಿನ ಇಲ್ಲ. ನಿಮ್ಮ ಮಗಳನ್ನ ಶಪಿಸಿದೀನಿ. ಕೊನೆಗೆ ಆ ಪುಟ್ಟ ಮಗೂನೂ ಬಿಡ್ಲಿಲ್ಲ, ಅವಳು ಯಾಕೆ ಬದುಕಿರ್ಬೇಕು ಅಂತ ನನ್ನ ಬಾಯಲ್ಲಿ ಬಂತು. ಎಂಥಾ ಪಾಪಿ ನಾನು ನೋಡಿ. ಆ ಅಧಿಕಾರಿ ಹತ್ರ ಅದಕ್ಕೇ ನಿಮ್ಮನ್ನ ಕೇಳಿಸ್ದೆ. ನೀವು ಯಾರಿಗೂ ಹೇಳಿರಲಿಲ್ಲ ಅಂದ್ರಿ. ನಿಮ್ಮ ಬಾಯಿಂದ ಬಂದ್ಮೇಲೆ ಮುಗೀತು. ನೀವು ಸುಳ್ಳು ಹೇಳೋರಲ್ಲ. ಆವತ್ತು ಮನೆಗೆ ಹೋದ್ಮೇಲೆ ಮೊದಲ್ನೇ ಸಲ ಅತ್ತೆ ನಾನು."

ಅವಳು ಕಿಟಕಿಯಮ್ಮನ ಎರಡೂ ಕೈ ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಬೆರಳಿನ ತುದಿಗಳೆಲ್ಲ ಒರಟಾಗಿದ್ದವು.

"ನನ್ನನ್ನ ಕ್ಷಮಿಸಿ ಅಕ್ಕ."

ಈಗಲಾದರೂ ಹೇಳಬಹುದಿತ್ತು. ಹೇಳಲು ಯಾರ ಅಡ್ಡಿಯೂ ಇರಲಿಲ್ಲ, ಹೆಡ್ಮಾಸ್ಟರು ಊಟಕ್ಕೆ ಹೋಗಿದ್ದರು. ಆದರೆ ಹೇಳಿ ಕೊಡುವುದು ಏನನ್ನು? ನಿಯಮ ಹೋಯಿತು, ಮಗು ಹೋಯಿತು, ಈ ಹೆಂಗಸಿಗೆ ಉಳಿದಿರುವುದು ಇದೊಂದು ಸಮಾಧಾನ. ಅದನ್ನೂ ಕಿತ್ತುಕೊಳ್ಳುವುದೇ? ಹೀಗೆ ಅಂದುಕೊಳ್ಳುವಾಗಲೇ, ಇದೂ ತನ್ನನ್ನು ಉಳಿಸಿಕೊಳ್ಳುವ ಮಾತೇ ಅನ್ನುವುದು ಅವಳಿಗೆ ಗೊತ್ತಿತ್ತು.

"ಸುಮ್ನೆ ಕೂರ್ಬೇಡಿ," ಅಂದಳು ಟೈಲರಮ್ಮ, ಕೈ ಬಿಡದೆ. "ಕ್ಷಮಿಸ್ದೆ ಅಂತ ಬಾಯಿ ಬಿಟ್ಟು ಹೇಳಿ. ಇಲ್ದಿದ್ರೆ ನಾನು ಇಲ್ಲಿಂದ ಏಳಲ್ಲ."

ಬಿಡುವು ಮುಗಿದ ಗಂಟೆ ಹೊಡೆಯಿತು. ಮಕ್ಕಳು ಪಡಸಾಲೆಯ ಉದ್ದಕ್ಕೂ ಓಡಿದರು. ಟೈಲರಮ್ಮ ಅವರಾರ ಕಡೆಗೂ ನೋಡಲಿಲ್ಲ, ಇವಳ ಮುಖವನ್ನೇ ನೋಡುತ್ತ ಕಾದಳು.

"ಕ್ಷಮಿಸಿದೀನಿ ತಂಗಿ," ಅಂದಳು ಕಿಟಕಿಯಮ್ಮ.